ಮಾಸ್ತಮ್ಮನ ಗುಡಿಯ ಸಿಡಿಲುಕಂಬಿ ಕಿತ್ತವರ ಬಗ್ಗೆ

ಹೆಸರು ಅಂಕಯ್ಯ ಬಿನ್ ಲೇಟ್ ಚಿಕ್ಕಮಾದು, ವಯಸ್ಸು 71 ವರ್ಷ, ವ್ಯವಸಾಯ ಕಸುಬು, ವಾಸ ಬೇವಿನಕೊಪ್ಪಲು ಗ್ರಾಮ, ಗಾವಡಗೆರೆ ಹೋಬಳಿ, ಹುಣಸೂರು ತಾಲ್ಲೂಕು, ಮೈಸೂರು ಜಿಲ್ಲೆ.

ನಾನು ಠಾಣೆಗೆ ಬಂದು ಹೇಳಿ ಬರೆಸುತ್ತಿರುವುದು ಏನೆಂದರೆ, ಇದೇ ವಿಷಯವನ್ನು ಬಾಯಲ್ಲಿ ಎರಡು ಸಲ ಹೇಳಿಯಾಗಿದೆ. ಎರಡು ಸಲವೂ ತಲೆಯಾಡಿಸಿ ಕಳಿಸಿದರು. ಈಗ ಬರವಣಿಗೆಯಲ್ಲೇ ಬೇಕಂತೆ. ನಾನು ಓದಿದ್ದು ಮೂರನೇ ಕ್ಲಾಸು. ನಾನು ಹೇಳಿದ ಹಾಗೆ ಪೇದೆಯವರು ಬರೆದುಕೊಳ್ಳುತ್ತಿದ್ದಾರೆ. ನಯ ಮಾಡಿ ಬರೆಯಬಾರದೆಂದು ಅವರಿಗೆ ಹೇಳಿದ್ದೇನೆ.

ನಮ್ಮೂರ ಮಾಸ್ತಮ್ಮನ ಗುಡಿಗೆ ಮೂರು ವರ್ಷದ ಹಿಂದೆ ಹೊಸ ಗೋಪುರ ಕಟ್ಟಿದರು. ಕಟ್ಟಿದ ಕಂಟ್ರಾಕ್ಟರು ಗೋಪುರದ ಮೇಲೆ ಸಿಡಿಲು ಹಿಡಿಯುವ ತಾಮ್ರದ ಕಂಬಿ ನಿಲ್ಲಿಸಿ, ಅದಕ್ಕೆ ಸೇರಿಸಿದ ತಾಮ್ರದ ಪಟ್ಟಿಯನ್ನು ಗೋಡೆಗುಂಟ ಇಳಿಸಿ ನೆಲದಲ್ಲಿ ಹೂತಿದ್ದನು. ಕಂಬಿಯು ಕಳಸಕ್ಕಿಂತ ಒಂದು ಮೊಳ ಎತ್ತರ ಇತ್ತು. ಇದು ಗುಡಿ ಕಮಿಟಿಯ ಅಧ್ಯಕ್ಷ ಮಲ್ಲೇಶನ ಕಣ್ಣಿಗೆ ಚುಚ್ಚಿತು. ಅಮ್ಮನ ಕಳಸಕ್ಕಿಂತ ಮೇಲೆ ಏನೂ ಇರಕೂಡದು, ಇದ್ದರೆ ಊರಿಗೆ ಕೇಡು ಎಂದು ಈ ವರ್ಷದ ಫೆಬ್ರವರಿಯಲ್ಲಿ ಊರು ಸೇರಿಸಿದನು. ಕಂಬಿ ಇರುವುದೇ ಸಿಡಿಲು ಮೊದಲು ಅದಕ್ಕೆ ಬಡಿಯಲಿ ಎಂದು, ಕೀಳಬೇಡಿ ಎಂದು ನಾನು ಹೇಳಿದೆನು. ಅದಕ್ಕೆ ಮಲ್ಲೇಶನು, "ಅಮ್ಮ ಇರೋ ತಾವ ಸಿಡ್ಲು ಬತ್ತದಾ ದೊಡ್ಡಪ್ಪ? ವಯಸ್ಸಾಯ್ತು, ಸುಮ್ಕೆ ಕೂತ್ಕೊ" ಎಂದನು. ಎಲ್ಲರೂ ನಕ್ಕರು.

ಮಾರನೇ ದಿನ ಕಂಬಿಯನ್ನು ಕೊಯ್ದು, ಪಟ್ಟಿಯನ್ನು ಬುಡದವರೆಗೂ ಕಿತ್ತರು. ಆ ತಾಮ್ರವನ್ನೇ ಹೊಡೆಸಿ ಅಮ್ಮನಿಗೆ ಛತ್ರಿ ಮಾಡಿಸಿದರು. ಅದು ಇವತ್ತಿಗೂ ಗರ್ಭಗುಡಿಯಲ್ಲಿ ಅಮ್ಮನ ತಲೆಯ ಮೇಲೆ ಇದೆ. ಸಾಕ್ಷಿ ಬೇಕಾದವರು ಹೋಗಿ ನೋಡಬಹುದು. ಚಪ್ಪಲಿ ಬಿಟ್ಟು ಹೋಗಬೇಕು, ಇಲ್ಲದಿದ್ದರೆ ಅದಕ್ಕೂ ಒಂದು ಕೇಡು ಹುಡುಕುತ್ತಾರೆ.

ದಿನಾಂಕ 26.04.2025ರ ಶನಿವಾರ ಸಂಜೆ ಸುಮಾರು 4.15 ಗಂಟೆಗೆ ಗುಡುಗು ಮಳೆ ಶುರುವಾಯಿತು. ನನ್ನ ಸೊಸೆ ಸುಕನ್ಯ, ವಯಸ್ಸು 29, ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕಿ ಬರುತ್ತಿದ್ದವಳು ಗುಡಿಯ ಜಗುಲಿಗೆ ಓಡಿ, ಅಲ್ಲಿನ ಕಬ್ಬಿಣದ ಕಂಬ ಹಿಡಿದು ನಿಂತಳು. ಅದೇ ಕಂಬಕ್ಕೆ ಮಲ್ಲೇಶನ ಹರಕೆಯ ಹೋತವನ್ನು ಕಟ್ಟಿದ್ದರು. ನಾನು ಎದುರಿನ ಹಾಲಿನ ಡೈರಿಯಲ್ಲಿ, ಸುಮಾರು 30 ಅಡಿ ದೂರದಲ್ಲಿ ನಿಂತಿದ್ದೆನು. 4.25ರ ಸುಮಾರಿಗೆ ಗೋಪುರಕ್ಕೆ ಸಿಡಿಲು ಬಡಿಯಿತು. ಕಳಸ ಎರಡು ಸೀಳಾಗಿ ಅಂಗಳಕ್ಕೆ ಬಿತ್ತು. ಗೋಡೆ ಬಿರಿಯಿತು. ಹೋತ ನಿಂತಲ್ಲೇ ಸತ್ತಿತು. ಸುಕನ್ಯ ಮಕಾಡೆ ಬಿದ್ದಳು. ಬಲಗಿವಿಯಿಂದ ರಕ್ತ ಬರುತ್ತಿತ್ತು.

ಡೈರಿಯಲ್ಲಿ ಹದಿನೈದು ಜನ ಗಂಡಸರಿದ್ದರು. ಒಬ್ಬನೂ ಕದಲಲಿಲ್ಲ. ಗುಡಿಯ ಪೂಜಾರಿ, "ಮುಟ್ಟಬ್ಯಾಡ್ರಪ್ಪೋ, ಮೈಯಲ್ಲಿ ಇನ್ನೂ ಕರೆಂಟ್ ಅದೆ" ಎಂದು ಕೂಗಿದನು. ಇನ್ನೊಬ್ಬನು ತಿಪ್ಪೆಗುಂಡಿಯಲ್ಲಿ ಕುತ್ತಿಗೆವರೆಗೂ ಹೂಳಿದರೆ ಸಿಡಿಲು ಇಳಿಯುತ್ತದೆ ಎಂದನು. ನಾನು ಹೋಗಿ ಅವಳನ್ನು ಮಗ್ಗುಲಿಗೆ ತಿರುಗಿಸಿದೆನು. ಉಸಿರಿತ್ತು. ಎತ್ತಲು ನನ್ನ ಕೈಲಾಗಲಿಲ್ಲ. ಗೂಡ್ಸ್ ಆಟೋದಲ್ಲಿ ಪಾತ್ರೆ ಮಾರಲು ಬಂದಿದ್ದ ಹುಣಸೂರಿನ ಮುಖ್ತಾರ್ ಎಂಬುವರು ಓಡಿ ಬಂದು, "ಬಂದ ಕರೆಂಟ್ ಭೂಮಿಗೆ ಹೋಯ್ತು ಯಜಮಾನ್ರೇ, ನೀವು ಕಾಲ್ ಹಿಡೀರಿ" ಎಂದು ಭುಜ ಹಿಡಿದು ಎತ್ತಿದರು. ಪಾತ್ರೆಗಳನ್ನು ಮಳೆಯಲ್ಲೇ ಇಳಿಸಿ ಅವಳನ್ನು ಆಸ್ಪತ್ರೆಗೆ ಸಾಗಿಸಿದರು. ನನ್ನೂರಿನವರು ಆ ಪಾತ್ರೆಗಳ ಹತ್ತಿರ ಹೋಗಲು ಹೆದರಲಿಲ್ಲ. ಮುಖ್ತಾರ್ ವಾಪಸ್ ಬಂದಾಗ ಎರಡು ಕೊಳಗ ಇರಲಿಲ್ಲ.

ಸುಕನ್ಯ ಬದುಕಿದಳು. ಬಲಗಿವಿ ಕೇಳುವುದಿಲ್ಲ. ಆಸ್ಪತ್ರೆಯಿಂದ ನೇರವಾಗಿ ಪಿರಿಯಾಪಟ್ಟಣದ ಹತ್ತಿರದ ತವರಿಗೆ ಹೋದಳು.

ದಿನಾಂಕ 07.05.2025ರಂದು ಬೆಳಿಗ್ಗೆ ಮಲ್ಲೇಶನು ಕಮಿಟಿಯವರನ್ನು ಕಟ್ಟಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದನು. ಸುಕನ್ಯ ಸಿಡಿಲು ಬಡಿದ ದಿನ ಮುಟ್ಟಾಗಿ ಜಗುಲಿ ಹತ್ತಿದ್ದಳು, ಅದಕ್ಕೇ ಅಮ್ಮ ಮುನಿದು ಸಿಡಿಲು ಬಿಟ್ಟಳು, ಅವಳು ಒದ್ದೆ ಸೀರೆಯಲ್ಲಿ ಬಂದು ಊರ ಮುಂದೆ ತಪ್ಪೊಪ್ಪಿಕೊಂಡು ಅಡ್ಡ ಬೀಳಬೇಕು ಎಂದನು. ನನ್ನ ಹೆಂಡತಿ ಚಾಮುಂಡಮ್ಮ ಒಳಗಿನಿಂದ ಬಂದು, "ನಿನ್ನ ಹೋತನೂ ಸತ್ತದಲ್ಲ ಕಣೋ ಮಲ್ಲೇಶ, ಅದೂ ಮುಟ್ಟಾಗಿತ್ತಾ?" ಎಂದು ಕೇಳಿದಳು. ಅವನ ಹಿಂದೆ ನಿಂತವರೇ ನಕ್ಕರು. ಮಲ್ಲೇಶನು, "ಹೆಂಗಸ್ರ ತಾವ ಏನ್ ಮಾತು" ಎಂದು ನೆಲ ನೋಡಿದನು. ಹೆಂಗಸರ ಮುಟ್ಟಿನ ಲೆಕ್ಕ ಇಡಲು ಬರುತ್ತದೆ, ಹೆಂಗಸರಿಗೆ ಉತ್ತರ ಕೊಡಲು ಬರುವುದಿಲ್ಲ. ನನ್ನ ಮಗ, ಸುಕನ್ಯಳ ಗಂಡ ಮೂರ್ತಿಯು, ಅಡ್ಡ ಬಿದ್ದರೆ ಮುಗಿಯಿತಲ್ಲ, ಊರಿನ ಜೊತೆ ಯಾಕೆ ನಿಷ್ಠೂರ ಎಂದನು. ಅವನಿಗೂ ಉಗಿದಿದ್ದೇನೆ.

ದಿನಾಂಕ 11.05.2025ರಂದು ಸುಕನ್ಯಳನ್ನು ನೋಡಲು ಹೋದೆನು. ಸುದ್ದಿ ಅಲ್ಲಿಗೂ ಹೋಗಿತ್ತು. ಅವಳು ಎಡಗಿವಿಯನ್ನು ನನ್ನ ಕಡೆಗೆ ಮಾಡಿ ಕೂತು, "ಮಾವ, ನಾನು ಅವತ್ತು ಮುಟ್ಟಾಗಿದ್ದೆ, ಸುಳ್ಳಲ್ಲ. ನನ್ನಿಂದ್ಲೇ ಆಯ್ತಾ?" ಎಂದು ಕೇಳಿದಳು. ಸೊಸೆಯು ಮಾವನ ಮುಂದೆ ಆಡುವ ಮಾತಲ್ಲ ಅದು. ಆಡಿಸಿದವರ ಮುಖಕ್ಕಿಷ್ಟು. ಕಂಬಿ ಕಿತ್ತವರಿಂದ ಆಯಿತು ಎಂದು ಹೇಳಿದೆನು. ಅವಳು ನಂಬಲಿಲ್ಲ. "ನೀವು ನಮ್ಮನೆಯೋರು, ಅಂಗೇ ಯೋಳ್ತೀರಿ. ಊರು ಯೋಳ್ಲಿ, ಆಮ್ಯಾಕೆ ಬತ್ತೀನಿ" ಎಂದಳು.

ಸಿಡಿಲಿನ ಮೇಲೆ ಕೇಸು ಹಾಕಲು ಬರುವುದಿಲ್ಲ ಎಂದು ಠಾಣೆಯಲ್ಲಿ ಹೇಳುತ್ತಾರೆ. ಸಿಡಿಲಿನ ಮೇಲೆ ಹಾಕಿ ಎಂದು ನಾನು ಕೇಳಿಲ್ಲ. ಮಲ್ಲೇಶನನ್ನು ಕರೆಸಿ. ಕಂಬಿ ಕೀಳಿಸಿದ್ದು ನಾನೇ, ಸುಕನ್ಯಳದು ಏನೂ ತಪ್ಪಿಲ್ಲ ಎಂದು ಅವನು ಗುಡಿ ಮುಂದೆ ಊರು ಸೇರಿಸಿ ಹೇಳಬೇಕು. ಹೊಸ ಕಂಬಿ ನಿಲ್ಲಿಸುವವರೆಗೆ ಆ ಜಗುಲಿಗೆ ಯಾರನ್ನೂ ಬಿಡಬಾರದು.

ಬರೆದುಕೊಂಡಿದ್ದನ್ನು ನನಗೆ ಓದಿ ಹೇಳಿದರು. ಒಂದು ಕಡೆ "ದೈವ ಸಂಕಲ್ಪದಿಂದ" ಎಂದು ಸೇರಿಸಿದ್ದರು. ಅದನ್ನು ಹೊಡೆದುಹಾಕಿಸಿದ್ದೇನೆ. ಉಳಿದದ್ದು ನಾನು ಕಂಡದ್ದು, ಕೇಳಿದ್ದು, ನಿಜ. ಮಲ್ಲೇಶನನ್ನು ಕರೆಸಿದಿರೋ ಇಲ್ಲವೋ ಎಂಬ ಉತ್ತರ ದಿನಾಂಕ 31.05.2025ರೊಳಗೆ ನನಗೆ ಬೇಕು.

ಸ್ಥಳ: ಹುಣಸೂರು ತಾಲ್ಲೂಕು
ದಿನಾಂಕ: 14.05.2025
ಸಹಿ: ಅಂಕಯ್ಯ