ಗಾಳಿ ಬಿಟ್ಟ ನೀರು

ಮಳೆ ಸಂಜೆ ನಾಲ್ಕಕ್ಕೇ ಹಿಡಿದುಕೊಂಡಿತು. ಊರಿನ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕದಲ್ಲಿ ಸೋರದ ಕೋಣೆ ಒಂದೇ, ಸ್ವಿಚ್ ಬೋರ್ಡಿನದು. ಹಾಗಾಗಿ ಇಬ್ಬರು ಕೆಲಸಗಾರರು, ಹಳೆಯ ಆಪರೇಟರು, ಪ್ರಯೋಗಾಲಯದ ಹೆಂಗಸು, ಅವತ್ತು ಬೆಳಿಗ್ಗೆಯಷ್ಟೇ ಸೇರಿದ ಹೊಸ ಇಂಜಿನಿಯರು, ಎಲ್ಲರೂ ಅಲ್ಲೇ ಒತ್ತಿಕೊಂಡು ಕೂತರು. ಇಂಜಿನಿಯರು ಬಂದವಳೇ ತೊಟ್ಟಿಗೆ ಗಾಳಿ ಊದುವ ಬ್ಲೋವರಿನ ಸ್ವಿಚ್ ಹಾಕಿಸಿ, ಇನ್ನು ಇದು ಹಗಲೂ ರಾತ್ರಿ ನಿಲ್ಲಬಾರದು, ನಿಂತರೆ ಹೊಲಸು ತಿನ್ನುವ ಜೀವಾಣುಗಳು ಸತ್ತು ಹೊಳೆಗೆ ಬರೀ ಹೊಲಸೇ ಹೋಗುತ್ತದೆ, ಕೆಳಗಿನ ಹಳ್ಳಿಗಳು ಅದನ್ನೇ ಕುಡಿಯುತ್ತವೆ ಎಂದು ಭಾಷಣ ಬಿಗಿದಿದ್ದಳು. ಎಲ್ಲರೂ ತಲೆಯಾಡಿಸಿದ್ದರು. ತಲೆಯಾಡಿಸುವುದರಲ್ಲಿ ಆ ಘಟಕದವರನ್ನು ಮೀರಿಸುವವರಿಲ್ಲ.

ಆಡಿಸದೆ ಇದ್ದವನು ಹಳೆಯ ಆಪರೇಟರು ಒಬ್ಬನೇ, ಎಲ್ಲರ ಬಾಯಲ್ಲಿ ತಾತ. ಈಗ ಅವನು ಗೋಡೆಗೆ ಬೆನ್ನು ಕೊಟ್ಟು, ಬ್ಲೋವರಿನ ಗುಂಯ್ ಸದ್ದಿನ ಮೇಲೆ ದನಿ ಏರಿಸಿದ.

"ಮೇಡಮ್ಮ, ನಿಮಗೆ ಈಜು ಬರುತ್ತಾ?... ನಮ್ಮ ಭಾವನಿಗೆ ಬರ್ತಿತ್ತು. ಅಕ್ಕನ ಗಂಡ. ಈ ಕೆಲಸ ಕಲಿಸಿದವನೇ ಅವನು. ತುಂಬಿದ ಹೊಳೆಯನ್ನ ಬಾಯಲ್ಲಿರೋ ಬೀಡಿ ಆರದ ಹಾಗೆ ದಾಟ್ತಿದ್ದ. ಸುಳ್ಳಿರಬಹುದು, ಹೇಳಿದ್ದು ಅವನೇ. ಆಗ ಈ ಬ್ಲೋವರು ಅಂದ್ರೆ ನೆಂಟರಿಗೆ ಅಂತ ಎತ್ತಿಟ್ಟ ಗಾಜಿನ ಲೋಟ ಇದ್ದ ಹಾಗೆ. ಮೇಲಿಂದ ತಪಾಸಣೆಗೆ ಬಂದಾಗ ಹಾಕೋದು, ಅವರು ಗೇಟು ದಾಟಿದ್ರೋ ಇಲ್ವೋ, ಆರಿಸೋದು. ಮಿಕ್ಕ ದಿನ ತೊಟ್ಟಿ ಸುಮ್ಮನೆ ಮಲಗಿರೋದು, ಭಾವ ಅದರ ಗೋಡೆ ಮೇಲೆ ನಿಂತು ತೇಲೋ ಹೊಲಸು ತೆಗೆಯೋನು, ಆಯ ತಪ್ಪಿ ಬಿದ್ರೆ ಬೈಕೊಂಡು ಈಜಿ ಬರೋನು. ಎರಡು ಸಲ ಬಿದ್ದಿದ್ದ. ಅಕ್ಕ ಮೂರು ದಿನ ಮನೆಯೊಳಗೆ ಸೇರಿಸಿರಲಿಲ್ಲ.

"ಆ ಮಧ್ಯಾಹ್ನ ಗೇಟಿನವನು ಫೋನು ಮಾಡಿ ಜೀಪು ಬಂತು ಅಂದ. ನಾನು ಇದೇ ಬೋರ್ಡಿನ ಮುಂದೆ. ಹಾಕಿದೆ... ಹಾಕೋದೇ ಅಲ್ವಾ ಕೆಲಸ? ಭಾವ ಅದೇ ಗಳಿಗೆಗೆ ಮೂರನೇ ಸಲ ಬಿದ್ದಿದ್ದಾನೆ ಅಂತ ನನಗೇನು ಗೊತ್ತು? ಗಾಳಿ ಬಿಟ್ಟ ನೀರು ನೀರಲ್ಲ ಮೇಡಮ್ಮ, ಬರೀ ಗುಳ್ಳೆ. ಎಂಥಾ ಈಜುಗಾರನನ್ನೂ ಎತ್ತಿ ಹಿಡಿಯಲ್ಲ, ಕಲ್ಲಿನ ಹಾಗೆ ಕೆಳಗಿಳಿಸುತ್ತೆ. ಬಂದವರು ನೊರೆ ನೋಡಿ ಚೆನ್ನಾಗಿದೆ ಅಂತ ಬರ್ಕೊಂಡು, ಚಹಾ ಕುಡಿದು, ಒಂದೂವರೆ ಗಂಟೆ ಕೂತ್ರು. ಹೋದ ಮೇಲೆ ಆರಿಸಿದೆ. ನೊರೆ ಇಳೀತು... ಭಾವ ಮೇಲೆ ಬಂದ."

ಕೆಲಸಗಾರರಲ್ಲೊಬ್ಬ ಕಾಲು ಮಡಚಿಕೊಂಡ. ಈ ಕತೆ ಅವನಿಗೆ ಬಾಯಿಪಾಠವಾಗಿತ್ತು, ಆದರೂ ಮಡಚಿಕೊಂಡ.

"ಆಮೇಲೆ ಯಾವಾಗ ಹಾಕಿದ್ರೂ ಗಂಟೆ ಕಳೆಯೋದರೊಳಗೆ ತೊಟ್ಟಿ ಕಡೆಯಿಂದ ಕೇಳ್ತಾನೆ. ಕಾಪಾಡು ಅನ್ನಲ್ಲ, ಶಾಪ ಹಾಕಲ್ಲ. 'ಬಂದೋರು ಹೋದ್ರೇನೋ?' ಅಂತಾನೆ, ಅಷ್ಟೇ. ಹದಿನೇಳು ವರ್ಷ ಆರಿಸ್ತಾ ಬಂದೆ. ಹೊಳೆ ಕಪ್ಪಾಯ್ತು, ಮೀನು ಸತ್ತವು, ಮಕ್ಕಳು ಮೈಯೆಲ್ಲ ಕೆರ್ಕೊಂಡು ಓಡಾಡ್ತವೆ, ನನಗೆ ಕಾಣಲ್ವಾ? ಆದ್ರೆ ಅಕ್ಕನ ಗಂಡನನ್ನ ದಿನಾ ಮುಳುಗಿಸೋದು ಹೇಗೆ, ನೀವೇ ಹೇಳಿ?"

ಇಂಜಿನಿಯರು ಬೋರ್ಡಿನ ಸ್ವಿಚ್ಚಿನತ್ತ ನೋಡಿದಳು. ಆರಿಸಿದರೆ ಹೊಳೆ ಸಾಯುತ್ತದೆಂದು ಓದಿ ಬಲ್ಲಳು. ಆರಿಸದಿದ್ದರೆ ಏನಾಗುತ್ತದೆಂದು ಯಾವ ಪುಸ್ತಕವೂ ಹೇಳಿರಲಿಲ್ಲ.

"ಇವತ್ತೂ ಕೇಳಿದ್ನಾ, ತಾತ?" ಎಂದಳು.

"ಬೆಳಿಗ್ಗೆಯಿಂದ ಮೂರು ಸಲ. ಸತ್ತವನಿಗೆ ಸುಳ್ಳು ಹೇಳೋಕಾಗುತ್ತಾ? ಇಲ್ಲ ಭಾವ, ಇವರು ನೋಡಿ ಹೋಗೋಕೆ ಬಂದೋರಲ್ಲ, ಇಲ್ಲೇ ಇರೋಕೆ ಬಂದೋರು ಅಂದೆ. 'ಹಾಗಾದ್ರೆ ನೀನು ಬಿಡು, ನಾನೇ ಬಂದು ಅವರನ್ನ ಕೇಳ್ತೀನಿ' ಅಂದ. ಆಗಿನಿಂದ ತೊಟ್ಟಿ ಕಡೆ ದನಿಯೇ ಇಲ್ಲ, ಮೇಡಮ್ಮ."