ಮುಚ್ಚಿದ ಪೆಟ್ಟಿಗೆಯೊಳಗಿನ ಬಿಸಿ

ದೀಪ ಆರಿಸ್ಬೇಡ... ಇದು ನಮ್ಮ ಚಿಕ್ಕಪ್ಪನ ಮಗಳಿಗೇ ಆಗಿದ್ದು. ಅಕ್ಕ ಅವತ್ತು ಕೆಲಸ ಮುಗಿಸಿ, ಪ್ರಯೋಗಾಲಯದ ಹಿಂದಿನ ಹಾಳು ಬಾವಿ ದಾಟಿ ಮನೆಗೆ ಬರ್ತಿದ್ದಳು. ಫೋನ್ ಬಂತು. ಅವಳ ಸಾಹೇಬ್ರು.

"ವಾಪಸ್ ಬಾ. ಪರದೆ ಮೇಲೆ ಏನೋ ಚುಕ್ಕೆ."

ಅವಳ ಕೆಲಸ ಗೊತ್ತಲ್ಲ? ಆಕಾಶಕ್ಕೆ ಹೋಗೋ ದೂರದರ್ಶಕಕ್ಕೆ ಕಣ್ಣು ಮಾಡೋದು. ಬೆಳಕಲ್ಲ, ಬಿಸಿ ನೋಡೋ ಕಣ್ಣು. ಕೋಟಿ ಕೋಟಿ ಮೈಲಿ ಆಚೆಗಿರೋ ಧೂಳಿನ ಚೂರೇಚೂರು ಬಿಸೀನೂ ಅದಕ್ಕೆ ಕಾಣ್ಬೇಕು. ಅದಕ್ಕೇ ಅದನ್ನ ಕಬ್ಬಿಣದ ಪೆಟ್ಟಿಗೇಲಿಟ್ಟು, ಗಾಳಿಯೆಲ್ಲ ಹೀರಿ, ಕೊರೆಯೋ ಹಾಗೆ ತಣಿಸಿ ಪರೀಕ್ಷೆ ಮಾಡ್ತಾರೆ. ಒಳಗೆ ಬಿಸಿ ಅನ್ನೋದೇ ಇರಲ್ಲ. ಆ ಕಣ್ಣು ಕಂಡಿದ್ದನ್ನ ತೋರಿಸೋ ಪರದೆ ಕಪ್ಪಗಿರ್ಬೇಕು.

ಅಕ್ಕ ವಾಪಸ್ ಹೋಗಿ ನೋಡಿದ್ರೆ, ಕಪ್ಪಗಿರ್ಲಿಲ್ಲ. ಮೂಲೇಲಿ ಮಸುಕು ಚುಕ್ಕೆ... ಹಿಗ್ಗೋದು, ಕುಗ್ಗೋದು. ಉಸಿರಾಡಿದ ಹಾಗೆ.

ಅಕ್ಕನಿಗೆ ತಟ್ಟನೆ ನೆನಪಾಯ್ತು. ಆ ಕಣ್ಣಿಗೆ ಕೂದಲೆಳೆ ತಂತಿ ಬೆಸೆದವನು ಹೋದ ತಿಂಗಳಷ್ಟೇ ಸತ್ತಿದ್ದ. ಸಪೂರ ಬೆರಳಿನವನು, ಎಲ್ರೂ 'ಸೂಜಿ' ಅಂತಿದ್ರು. ಇದೇ ಕೋಣೇಲಿ ತಣಿಸೋ ಗ್ಯಾಸ್ ಸೋರಿದಾಗ, ಒಳಗಿಂದ ಬಾಗಿಲು ಬಡಿದಿದ್ದ. "ತೆಗೆದ್ರೆ ಧೂಳು ನುಗ್ಗುತ್ತೆ, ತಡಿ" ಅಂದಿದ್ರು ಸಾಹೇಬ್ರು. ಅಕ್ಕ ಬಾಗಿಲಾಚೆ ಕಾದಳು. ಬಾಗಿಲು ತೆಗೆಯೋ ಹೊತ್ತಿಗೆ ತಣ್ಣಗಾಗಿದ್ದ.

ಅಕ್ಕ ಪಿಸುಗುಟ್ಟಿದಳು. "ಸೂಜೀ...?"

ಪೆಟ್ಟಿಗೆಯೊಳಗಿಂದ... ಟಿಣ್. ಉಗುರಲ್ಲಿ ಲೋಟ ತಟ್ಟಿದ ಹಾಗೆ. ಟಿಣ್... ಟಿಣ್.

"ಸರ್, ತೆಗೆಯೋಣ."

"ಹುಚ್ಚು ಹಿಡೀತಾ? ನಾಳೆ ತಪಾಸಣೆ. ಆ ಚುಕ್ಕೆಯಷ್ಟು ಬಿಸೀನ ಲೆಕ್ಕದಿಂದ ಕಳೆದುಬಿಡು."

"ಉಸಿರಾಡ್ತಿದೆ ಸರ್..."

"ಕಳಿ."

ಕಳೆದಳು. ಚುಕ್ಕೆ ಮಂಕಾಯ್ತು. ತಟ್ಟೋದು ಜೋರಾಯ್ತು, ಟಿಣ್ ಟಿಣ್ ಟಿಣ್. ಮತ್ತೆ ಕಳೆದಳು. ಈಗ ಕೆರೆಯೋ ಸದ್ದೋ, ಕರೆಯೋ ಸದ್ದೋ... ಸರ್... ಸರ್... ಸಾಹೇಬ್ರು ಗಡಿಯಾರ ನೋಡ್ಕೊಂಡ್ರು. ಅಕ್ಕ ಇನ್ನೊಂದ್ಸಲ ಗುಂಡಿ ಒತ್ತಿದಳು.

ಪರದೆ ಕಪ್ಪಾಯ್ತು. ಸದ್ದು ನಿಂತ್ಹೋಯ್ತು.

"ನೋಡು, ಎಷ್ಟು ಶುಭ್ರವಾಯ್ತು" ಅಂತ ಸಾಹೇಬ್ರು ಅವಳ ಬೆನ್ನು ತಟ್ಟಿದ್ರು.

ತಪಾಸಣೆ ಸುಸೂತ್ರವಾಗಿ ಮುಗೀತು. ಆಮೇಲೆ ಪೆಟ್ಟಿಗೆ ತೆಗೆದ್ರು. ಒಳಗೆ ಹನಿ ನೀರೂ ಇರೋ ಹಾಗಿಲ್ಲ. ಆದ್ರೆ ಮುಚ್ಚಳದ ಒಳಮೈಯಲ್ಲಿ, ಕನ್ನಡಿಗೆ ಊದಿದ ಹಾಗೆ, ಬಾಯಗಲ ಆವಿ ಕೂತಿತ್ತು.

"ಒರೆಸು" ಅಂದ್ರು. ಒರೆಸಿದಳು. ಮತ್ತೆ ಕೂತ್ಕೊಂತು.

"ಇನ್ನೊಂದ್ಸಲ."

ಅದು ಬರೋದು ನಿಲ್ಲೋವರೆಗೂ ಒರೆಸಿದಳು.

ಕಟ್ಟುಕತೆ ಅನ್ಕೋಬೇಡ. ಆ ಒರೆಸಿದ ಬಟ್ಟೆ ಅವಳ ಹಿತ್ತಿಲ ಹಗ್ಗದ ಮೇಲೆ ಹೋದ ಬೇಸಿಗೆಯಿಂದ ನೇತಾಡ್ತಿದೆ. ನಾನೇ ಮುಟ್ಟಿ ನೋಡಿದ್ದೀನಿ... ಇನ್ನೂ ಒಣಗಿಲ್ಲ.