ಮಹಾದ್ವಾರದಲ್ಲಿ ಸಿಕ್ಕಿಕೊಂಡ ಅಧ್ಯಕ್ಷರು

ವಾಹನದ ಒಳಗಿನಿಂದಲೇ ಈ ಸಭೆಯ ಅಧ್ಯಕ್ಷತೆಯನ್ನು ವಹಿಸಿರುವ, ನಮ್ಮ ಗ್ರಾಮ ಪಂಚಾಯತಿಯ ಅಧ್ಯಕ್ಷರೂ ನನ್ನ ಹಳೆಯ ವಿದ್ಯಾರ್ಥಿಯೂ ಆದ ಶ್ರೀ ಬಾಳೇಶ ಪಾಟೀಲರೇ; ಗೋಕಾಕದಿಂದ ದಯಮಾಡಿಸಿ, ಹಾರವನ್ನು ತೆಗೆಯಬೇಕೋ ಇಟ್ಟುಕೊಳ್ಳಬೇಕೋ ತಿಳಿಯದೆ ಕೂತಿರುವ ಮುಖ್ಯ ಅತಿಥಿಗಳೇ; ಮಹಾದ್ವಾರ ಸಮಿತಿಯ ಸದಸ್ಯರೇ; ತಾಯಂದಿರೇ ಮತ್ತು ಸಭಿಕರೇ,

ಅಧ್ಯಕ್ಷರು ಭಾಷಣಕಾರನ ಬೆನ್ನ ಹಿಂದೆ ಕೂಡುವುದು ವಾಡಿಕೆ. ಅವರು ತೂಕಡಿಸಿದರೂ ನಮಗೆ ಕಾಣುವುದಿಲ್ಲ. ಇಂದು ಅವರು ನನ್ನ ಎದುರಿಗಿದ್ದಾರೆ. ಗಾಜಿನ ಆಚೆ, ಸ್ಟೇರಿಂಗ್ ಹಿಡಿದು, ಬೆವರುತ್ತಿದ್ದಾರೆ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಇಷ್ಟು ಗಮನವಿಟ್ಟು ನನ್ನ ಮುಖ ನೋಡಿದ ವಿದ್ಯಾರ್ಥಿ ಇನ್ನೊಬ್ಬನಿಲ್ಲ.

ದೂರದಿಂದ ಬಂದವರಿಗಾಗಿ ನಡೆದದ್ದನ್ನು ಹೇಳಬೇಕು. ಈ ಮಹಾದ್ವಾರವನ್ನು ನನ್ನ ಮಗ ದಿವಂಗತ ಭರತೇಶನ ಸ್ಮರಣಾರ್ಥ ನಾನು ಕಟ್ಟಿಸಿದೆ. ವಾಹನಗಳು ಎತ್ತರವಾದಂತೆಲ್ಲ ಊರಿನವರು ಇದನ್ನೂ ಎತ್ತರಿಸುತ್ತ ಬಂದಿದ್ದಾರೆ. ಇಂದು ಮೂರನೆಯ ಎತ್ತರದ ಉದ್ಘಾಟನೆ. ಅಧ್ಯಕ್ಷರು ತಮ್ಮ ಹೊಸ ವಾಹನವನ್ನು ತಾವೇ ನಡೆಸಿಕೊಂಡು ಮೊದಲಿಗರಾಗಿ ಹಾಯಬೇಕಿತ್ತು. ಬಂದರು. ಹಲಗೆಯವರು ಹಲಗೆ ಬಾರಿಸಿದರು. ವಾಹನದ ನೆತ್ತಿ ಕಮಾನಿನ ಕೆಳಗೆ ಮೊಳದಷ್ಟು ಜಾಗ ಬಿಟ್ಟು ಸುಖವಾಗಿ ಒಳಸೇರಿತು. ಚಪ್ಪಾಳೆಯೂ ಬಿತ್ತು. ಆಮೇಲೆ ಕರ್ರ್ ಎಂದು ಸದ್ದಾಯಿತು. ಎತ್ತರಿಸುವ ಉತ್ಸಾಹದಲ್ಲಿ ಅಗಲವನ್ನು ಯಾರೂ ಅಳೆದಿರಲಿಲ್ಲ.

ಗೌಂಡಿ ಹಣಮಂತನನ್ನು ಸಮಿತಿಯವರು ಬೈದರು. ಅವನು ತಲೆ ಕೆರೆದುಕೊಂಡು, "ಎತ್ತರ ಹೇಳಿದ್ರಿ, ಎತ್ತರ ಮಾಡೇನಿ. ಅಗಲದ ಮಾತ ಯಾರ ಎತ್ತ್ಯಾರ್ರಿ?" ಎಂದ. ತರ್ಕಶುದ್ಧವಾದ ಉತ್ತರ. ನಾನು ಅಂಕ ಕೊಟ್ಟೆ.

ಈ ಕಂಬಗಳು ಹೆಸರಿಗೆ ಕಂಬಗಳು; ಎತ್ತರಿಸಿದಾಗಲೆಲ್ಲ ಭಾರ ಹೊರಲೆಂದು ಒಳಮುಖವಾಗಿ ಉಬ್ಬುತ್ತ ಬಂದು ಈಗ ದಪ್ಪದಲ್ಲಿ ಗೋಡೆಗಳು. ಅಧ್ಯಕ್ಷರು ಕೊಲ್ಹಾಪುರದಲ್ಲಿ ವಾಹನದ ಪಕ್ಕೆಗಳಿಗೆ ಬಡಿಸಿಕೊಂಡು ಬಂದ ಕಬ್ಬಿಣದ ಪಟ್ಟಿಗಳು ಎರಡೂ ಕಡೆ ಕಲ್ಲಿನ ಸಂದಿಗೆ ಹೊಕ್ಕು ಕೂತಿವೆ. ಮುಂದೆ ಹೋಗದು, ಹಿಂದೆ ಬಾರದು, ಪಕ್ಕದ ಬಾಗಿಲು ತೆರೆಯದು. ಹಿಂಬಾಗಿಲೇನೋ ತೆರೆದಿದೆ. ಆದರೆ ಅಲ್ಲಿಗೆ ತಲುಪಲು ಎರಡು ಸಾಲು ಸೀಟುಗಳನ್ನು ಹತ್ತಿ ಇಳಿಯಬೇಕು. ಅಧ್ಯಕ್ಷರ ಶರೀರವನ್ನು ಬಲ್ಲ ತಾವು ಹೆಚ್ಚಿನ ವಿವರ ಕೇಳಲಾರಿರಿ.

ಈಗ ಉಳಿದಿರುವುದು ಎರಡೇ ದಾರಿ. ಮುಂದಿನ ಗಾಜು ಒಡೆದು ಅವರನ್ನು ಎಳೆದುಕೊಳ್ಳಬೇಕು. ಇಲ್ಲವೇ ಒಂದು ಕಂಬ ಒಡೆಯಬೇಕು; ಕಮಾನಿಗೆ ಹಣಮಂತ ಆಗಲೇ ತೊಲೆಗಳ ಆಸರೆ ಕೊಟ್ಟಿದ್ದಾನೆ. ಎಡಗಡೆಯ ಕಂಬಕ್ಕೂ ಜಿನ್ನವ್ವನ ಮನೆಗೂ ಒಂದೇ ಗೋಡೆ. ಆಕೆ ಈಗಾಗಲೇ ಹೊಸ್ತಿಲ ಮೇಲೆ ನಿಂತು, "ನನ್ನ ಗ್ವಾಡಿ ಮುಟ್ಟಿದವನ ಸುತ್ತಿಗಿ ನನ್ನ ಕೈಯಾಗ ಇರ್ತೈತಿ, ನೋಡ್ರಿ ಮತ್ತ!" ಎಂದು ಘೋಷಿಸಿದ್ದಾಳೆ. ಉಳಿದದ್ದು ಬಲಗಡೆಯದು. ಅದರ ಮೇಲೆ ನನ್ನ ಮಗನ ಹೆಸರಿದೆ.

ಸಮಿತಿಯವರು ನನ್ನ ಬಳಿ ಬಂದು, "ಸರ್ರ, ಕಂಬ ನಿಮ್ಮದು. ಒಡಿಯೂದೋ ಬ್ಯಾಡೋ ನೀವ ಹೇಳ್ರಿ. ಹಂಗ, ಮಂದಿ ಎದ್ದ ಹೋಗದಂಗ ನಾಕ ಮಾತ ಆಡ್ರಿ" ಎಂದರು. ಕಾಲೇಜಿನ ದಿನಗಳಲ್ಲಿ ಒಂದೇ ವಿಷಯದ ಪರವಾಗಿ ಬೆಳಗಾವಿಯಲ್ಲಿ, ವಿರೋಧವಾಗಿ ಧಾರವಾಡದಲ್ಲಿ ಮಾತಾಡಿ ಎರಡೂ ಕಡೆ ಬಹುಮಾನ ತಂದವನು ನಾನು. ನನ್ನ ಧರ್ಮಪತ್ನಿ ರಾಜಮತಿ ಇದನ್ನು ಸದ್ಗುಣವೆಂದು ಎಂದೂ ಒಪ್ಪಿಲ್ಲ. "ಪರಾನೂ ನೀವ ಮಾತಾಡ್ರಿ, ವಿರೋಧಾನೂ ನೀವ ಮಾತಾಡ್ರಿ, ನಾ ರೊಟ್ಟಿ ಬಡೀತೇನಿ" ಎನ್ನುತ್ತಾಳೆ. ಆಗಲಿ. ಮೊದಲು ವಿರೋಧ.

ಸಭಿಕರೇ, ವಾಹನವೇಕೆ ಇಷ್ಟು ದೊಡ್ಡದಾಗಬೇಕು? ಬಾಳೇಶರ ತಂದೆ ಒಂದೇ ಸೈಕಲ್ಲಿನ ಮೇಲೆ ಹೆಂಡತಿಯನ್ನೂ ಮಗನನ್ನೂ ಒಂದು ಆಡಿನ ಮರಿಯನ್ನೂ ಕೂಡಿಸಿಕೊಂಡು ಮೂಡಲಗಿಯ ಸಂತೆಗೆ ಹೋಗಿ ಬರುತ್ತಿದ್ದರು. ಬಾಳೇಶರು ಜೀಪು ಕೊಂಡಾಗ ಅದರಲ್ಲಿ ಇಡೀ ಬೀಗರ ದಿಬ್ಬಣ ಹಿಡಿಯಿತು. ಈಗಿನದರಲ್ಲಿ ಏಳು ಜನ ಕಾಲು ಚಾಚಿ ಕೂಡಬಹುದು, ಆದರೆ ಒಬ್ಬರೇ ಕೂತು ದಾಡಿ ಮಾಡಿಸಿಕೊಳ್ಳಲು ಹೋಗುತ್ತಾರೆ. ಉಳಿದ ಆರು ಸೀಟುಗಳಲ್ಲಿ ಕೂತಿರುವವರು ಯಾರು? ಪ್ರಗತಿಯೇ?

ಅವರ ಮನೆಯಿಂದ ಪಂಚಾಯತಿ ಕಚೇರಿ ಒಂದು ಕೂಗಿನ ದೂರ. ಆದರೆ ಓಣಿಯಲ್ಲಿ ವಾಹನ ತಿರುಗುವುದಿಲ್ಲ. ಆದ್ದರಿಂದ ಹಿಂದಿನ ಹೊಲದ ದಾರಿ ಹಿಡಿದು ಹತ್ತರಗಿಯ ಹೆದ್ದಾರಿಯವರೆಗೆ ಹೋಗಿ, ಅಲ್ಲಿ ತಿರುಗಿಸಿ, ಅದೇ ದಾರಿಯಲ್ಲಿ ಬಂದು ಕಚೇರಿ ಮುಟ್ಟುವಷ್ಟರಲ್ಲಿ ಸಿಪಾಯಿ ಬೀಗ ಹಾಕಿಕೊಂಡು ಊಟಕ್ಕೆ ಹೋಗಿರುತ್ತಾನೆ. ವಾಹನ ಓಣಿಗೆ ಬಂದಿತೆಂದರೆ ಹೊರಸು ಒಳಗೆ, ಹಪ್ಪಳ ಒಳಗೆ, ಹೊರಸಿನ ಮೇಲೆ ಮಲಗಿದ್ದ ಮುದುಕರು ಒಳಗೆ. ಇಂಥ ಕರ್ಫ್ಯೂವನ್ನು ಬ್ರಿಟಿಷರೂ ನಮ್ಮೂರಿನಲ್ಲಿ ವಿಧಿಸಿರಲಿಲ್ಲ.

ಇನ್ನು ಅದರ ಮೂತಿ. ಅದು ಎಷ್ಟು ಎತ್ತರವೆಂದರೆ, ಮುಂದೆ ಆಡು ನಿಂತರೂ ಮಗು ನಿಂತರೂ ಒಳಗಿದ್ದವರಿಗೆ ಕಾಣದು. ಇದನ್ನು ಅರಿತ ಅಧ್ಯಕ್ಷರು ಅಲ್ಲಪ್ಪನನ್ನು ಪಗಾರದ ಮೇಲೆ ಇಟ್ಟುಕೊಂಡಿದ್ದಾರೆ. ವಾಹನದ ಮುಂದೆ "ಸರೀರಿ, ಸರೀರಿ" ಎನ್ನುತ್ತ ನಡೆಯುವುದು ಅವನ ನೌಕರಿ. ಅಲ್ಲಪ್ಪನಿಗೆ ಮೊಣಕಾಲು ನೋವು. ಗಾಳಿಯಂತೆ ಓಡಬಲ್ಲ ಯಂತ್ರ ಅಲ್ಲಪ್ಪನ ಮೊಣಕಾಲಿನ ವೇಗದಲ್ಲಿ ಓಡುತ್ತದೆ. ಅವನು ಚಹಾಕ್ಕೆ ನಿಂತರೆ ಅದೂ ಚಹಾಕ್ಕೆ ನಿಲ್ಲುತ್ತದೆ. "ಒಳಗ ಕುಂಡರಬಾರದೇನೋ ಅಲ್ಲಪ್ಪಾ?" ಎಂದು ಮೊನ್ನೆ ಕೇಳಿದೆ. "ನಾ ಒಳಗ ಕುಂತ್ರ ಹೊರಗ ಯಾರ ಸಾಯಬೇಕ್ರಿ, ಸರ್ರ?" ಎಂದ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ನಾನು ನಗುವುದನ್ನು ಬಿಟ್ಟು ಬಹಳ ಕಾಲವಾಯಿತು. ಇರಲಿ, ಅದು ಇಂದಿನ ವಿಷಯವಲ್ಲ.

ಇನ್ನು ಪರ. ನ್ಯಾಯವಾಗಿ ಹೇಳಬೇಕೆಂದರೆ ಲಾಭಗಳೂ ಇವೆ. ಅಷ್ಟು ಎತ್ತರದಲ್ಲಿ ಕೂತರೆ ಪಕ್ಕದ ಹೊಲದವನ ಕಬ್ಬು ಎಷ್ಟು ಬೆಳೆದಿದೆ ಎಂದು ತಿಳಿಯುತ್ತದೆ. ಮಳೆ ಬಂದರೆ ವಾಹನದ ಕೆಳಗೆ ಕುರಿಗಳು ನಿಲ್ಲುತ್ತವೆ. ಇನ್ನೊಂದು ಲಾಭವಿದೆ ಎಂದು ತಿಳಿದಿದ್ದೆ, ಮರೆತಿದ್ದೇನೆ.

ಕಮಾನಿನ ವಿಷಯಕ್ಕೆ ಬರುತ್ತೇನೆ. ನಾನು ಕಟ್ಟಿಸಿದಾಗ ಮೇವಿನ ಬಂಡಿ ಹಾಯುವಷ್ಟು ಎತ್ತರವಿತ್ತು. ಭರತೇಶನ ಹೆಸರು ಮೇಲೆ, ನಡುವೆ ಇತ್ತು. ಶಾಲೆಗೆ ಹೋಗುವ ಮಕ್ಕಳು ಗಟ್ಟಿಯಾಗಿ ಓದುತ್ತಿದ್ದರು. ಆಮೇಲೆ ಕಬ್ಬಿನ ಲಾರಿಯೊಂದು ಹೇರು ಸಮೇತ ಬಂದು ಹೆಸರಿನ ಅರ್ಧವನ್ನು ಕಿತ್ತುಕೊಂಡು ಹೋಯಿತು. ಎತ್ತರಿಸಿದೆವು. ದಾರಿ ತಪ್ಪಿದ ಇನ್ನೊಂದು ಲಾರಿ, ಮನೆಯಷ್ಟು ದೊಡ್ಡ ಪೆಟ್ಟಿಗೆ ಹೊತ್ತು ಬಂದು, ಪೂರ್ತಿ ಹೆಸರನ್ನೇ ಕೆಡವಿತು. ಮತ್ತೆ ಎತ್ತರಿಸಿದೆವು. ಆಗ ಹೆಸರು ಪಾರಿವಾಳಗಳಿಗೆ ಮಾತ್ರ ಓದಲು ಬರುವಂತಾಯಿತು. ಅದಕ್ಕೇ ಅದನ್ನು ಕೆಳಗೆ, ಬಲಗಡೆಯ ಕಂಬಕ್ಕೆ, ಕೈಗೆ ಸಿಗುವಂತೆ ಕೆತ್ತಿಸಿದೆ. ರಾಜಮತಿ ಬಸದಿಗೆ ಹೋಗುವಾಗ ದಿನಾಲೂ ಸೆರಗಿನಿಂದ ಅಕ್ಷರಗಳ ಧೂಳು ಒರೆಸುತ್ತಾಳೆ. ನಾನು ನೋಡದವನಂತೆ ಮುಂದೆ ನಡೆಯುತ್ತೇನೆ.

ಬದುಕಿದ್ದಾಗ ಒಂದು ಲಾರಿ. ಸತ್ತ ಮೇಲೆ ಎರಡು. ಒಬ್ಬ ಹುಡುಗನಿಗೆ ಎಷ್ಟು ಲಾರಿ ಬೇಕು, ಸಭಿಕರೇ?

ಕ್ಷಮಿಸಿ. ತೀರ್ಪಿಗೆ ಬರುತ್ತೇನೆ. ಈಗಷ್ಟೇ ಜಿನ್ನವ್ವ ಹಿಂಬಾಗಿಲಿನಿಂದ ಹೊಕ್ಕು, ಸೀಟುಗಳ ಮೇಲಿಂದ ಕೈ ಚಾಚಿ, ಗರ್ಭಗುಡಿಗೆ ನೈವೇದ್ಯ ಒಪ್ಪಿಸಿದಂತೆ ಅಧ್ಯಕ್ಷರಿಗೆ ಬಾಳೆಹಣ್ಣನ್ನೂ ನೀರನ್ನೂ ಒಪ್ಪಿಸಿ ಬಂದಿದ್ದಾಳೆ. ಅವರ ಸಂದೇಶವನ್ನೂ ತಂದಿದ್ದಾಳೆ: "ಸರ್ರಿಗೆ ಕೈ ಮುಗದ ಹೇಳು, ಗ್ಲಾಸ ಮುಟ್ಟಬ್ಯಾಡ್ರಿ ಅಂತ. ಗಾಡಿ ಸಾಲಾ ಸುದ್ದಾ ಇನ್ನೂ ತೀರಿಲ್ಲ. ಕಂಬ ಬೇಕಾದ್ರ ನಾ ಇಮ್ಮಡಿ ಕಟ್ಟಿಸಿ ಕೊಡ್ತೇನಿ."

ಕೇಳಿದಿರಾ? ಗಾಜು ಮುಟ್ಟಬಾರದು. ನನ್ನ ಮಗನ ಹೆಸರನ್ನು ಮುಟ್ಟಬಹುದು. ಸಭಿಕರೇ, ನಾನು ಈ ವೇದಿಕೆ ಹತ್ತುವಾಗಲೇ ನಿರ್ಧರಿಸಿ ಬಂದಿದ್ದೆ. ಕಂಬ ಒಡೆಯಕೂಡದು. ಗಾಜನ್ನು ಒಡೆಯಲು ಅವರು ಒಪ್ಪುವವರೆಗೆ ಅಧ್ಯಕ್ಷರು ಅಲ್ಲಿಯೇ ಅಧ್ಯಕ್ಷತೆ ವಹಿಸಲಿ. ಇಂದಲ್ಲ ನಾಳೆ ಒಪ್ಪುತ್ತಾರೆ. ನನಗೆ ಅವಸರವಿಲ್ಲ. ಬೇಕಾದರೆ ಸೂರ್ಯ ಮುಳುಗುವವರೆಗೆ ಪರವಾಗಿಯೂ ವಿರೋಧವಾಗಿಯೂ ನಾನು...

ಏನದು?

ಅಧ್ಯಕ್ಷರು ಗಾಜು ಬಡಿಯುತ್ತಿದ್ದಾರೆ. ಅಂಗೈಯಿಂದ ಬಡಿಯುತ್ತಿದ್ದಾರೆ. ಸಕ್ಕರೆ ಕಾಯಿಲೆಯ ಮನುಷ್ಯ, ಈ ಬಿಸಿಲು. ಹಲಗೆಯವರೇ, ಸ್ವಲ್ಪ ಸುಮ್ಮನಿರಿ, ಅದು ನಿಮಗೆ ಕೊಟ್ಟ ತಾಳವಲ್ಲ.

ಭರತೇಶನೂ ಹೀಗೆಯೇ ಬಡಿಯುತ್ತಿದ್ದನಂತೆ.

ಇದನ್ನು ನಾನು ಯಾವ ಸಭೆಯಲ್ಲೂ ಹೇಳಿದವನಲ್ಲ. ಸಂಕೇಶ್ವರದ ದಾರಿಯ ಸಣ್ಣ ಸೇತುವೆಯ ಮೇಲೆ ಕಬ್ಬಿನ ಲಾರಿಗೂ ಸೇತುವೆಯ ಗೋಡೆಗೂ ನಡುವೆ ಅವನೂ ಅವನ ಲೂನಾ ಗಾಡಿಯೂ ಸಿಕ್ಕಿಕೊಂಡವು. ಸೇತುವೆ ಹಳೆಯದು, ಲಾರಿ ಹೊಸದು, ಹೇರು ಎರಡೂ ಕಡೆ ಆಚೆ ಚಾಚಿತ್ತು. ಹುಡುಗನಿಗೆ ಜೀವವಿತ್ತು. ಲಾರಿಯ ಪಕ್ಕದ ಮರದ ಹಲಗೆಯನ್ನು ಕೈಯಿಂದ ಬಡಿಯುತ್ತಿದ್ದ. ಜನರೂ ಇದ್ದರು, ಕೊಡಲಿಯೂ ಇತ್ತು. ಲಾರಿಯ ಹಲಗೆ ಮುರಿಯೋಣವೆಂದರೆ, "ಮಾಲಕರನ್ನ ಕೇಳಬೇಕ್ರಿ." ಹಗ್ಗ ಕೊಯ್ದು ಕಬ್ಬು ಕೆಡಹೋಣವೆಂದರೆ, "ಕಬ್ಬ ನಮ್ಮದಲ್ರಿ." ಗೋಡೆ ಒಡೆಯೋಣವೆಂದರೆ, "ಸರಕಾರದ್ದೈತ್ರಿ, ಕೇಸ ಆಗತೈತಿ." ಅವರು ಕೆಟ್ಟವರಲ್ಲ. ಅವನ ತಲೆಗೆ ನೆರಳು ಹಿಡಿದಿದ್ದರು, ಬಾಯಿಗೆ ನೀರು ಬಿಟ್ಟಿದ್ದರು. ಲಾರಿಗೆ ಮಾಲಕನಿದ್ದ, ಕಬ್ಬಿಗೆ ಮಾಲಕನಿದ್ದ, ಗೋಡೆಗೆ ಸರಕಾರವಿತ್ತು. ನನ್ನ ಮಗನಿಗೆ ಮಾತ್ರ ಆ ಹೊತ್ತಿನಲ್ಲಿ ಯಾರೂ ಇರಲಿಲ್ಲ. ಅವನ ಅಪ್ಪ ಶಾಲೆಯಲ್ಲಿ ಪಾಠ ಹೇಳುತ್ತಿದ್ದ. ಎಲ್ಲರ ಅಪ್ಪಣೆ ಬರುವಷ್ಟರಲ್ಲಿ ಬಡಿಯುವುದು ನಿಂತಿತ್ತು.

ಬಾಳೇಶಾ, ಬಡಿಯುವುದನ್ನು ನಿಲ್ಲಿಸಬೇಡ. ಬಡಿಯುತ್ತಿರು.

ಗಾಜಿಗೆ ಮಾಲಕನಿದ್ದಾನೆ; ಅವನು ಒಳಗಿದ್ದಾನೆ, ಒಪ್ಪುತ್ತಿಲ್ಲ. ಎಡಗಡೆಯ ಗೋಡೆಗೆ ಜಿನ್ನವ್ವ ಇದ್ದಾಳೆ. ಬಲಗಡೆಯ ಕಂಬದ ಮಾಲಕ ಇಲ್ಲೇ, ಕೈಯಲ್ಲಿ ಮೈಕು ಹಿಡಿದು ನಿಂತಿದ್ದಾನೆ. ಅವನನ್ನು ಹುಡುಕಿಕೊಂಡು ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ.

ಹಣಮಂತಾ, ಒಡಿ. ಹೆಸರು ಬಿಟ್ಟು ಸುತ್ತಲೂ ಹೊಡೆಯುತ್ತ ಕೂಡಬೇಡ, ತಡವಾಗುತ್ತದೆ. ಹೆಸರಿನ ಮೇಲೆಯೇ ಹೊಡಿ. ರಾಜಮತಿ, ನೀನು ಸ್ವಲ್ಪ ಆಚೆ ತಿರುಗಿ ಕೂತುಕೋ.

ಇಷ್ಟು ಹೊತ್ತು ಕೇಳಿದ ತಮಗೆಲ್ಲ ನಾನು ಋಣಿ. ಮುಖ್ಯ ಅತಿಥಿಗಳು ಹಾರ ತೆಗೆದು ಕಲ್ಲು ಎತ್ತಲು ಕೈ ಹಚ್ಚಬೇಕೆಂದು ವಿನಂತಿ. ಅಧ್ಯಕ್ಷೀಯ ಭಾಷಣವನ್ನು ಅಧ್ಯಕ್ಷರು ಹೊರಗೆ ಬಂದು, ನೀರು ಕುಡಿದು, ನೆಲದ ಮೇಲೆ ನಿಂತು ಮಾಡಲಿ.

ನಮಸ್ಕಾರ.